ಅರ್ಧ ನಿಮಿಷದ ಜಾಯಿಂಟು

ಪ್ಲಂಬರ್ ಎಂಬ ಪದದ ಬುಡದಲ್ಲಿ ಸೀಸವಿದೆ. ಲ್ಯಾಟಿನ್ನಿನಲ್ಲಿ ಸೀಸಕ್ಕೆ ‘ಪ್ಲಂಬಮ್’ ಎಂದು ಹೆಸರು. ರೋಮಿನಲ್ಲಿ ಸೀಸದ ತಗಡನ್ನು ಸುತ್ತಿ ಕೊಳವೆ ಮಾಡುತ್ತಿದ್ದವರ ಕಸುಬಿನ ಹೆಸರು ಫ್ರೆಂಚ್, ಇಂಗ್ಲಿಷ್ ದಾಟಿ ನಮ್ಮ ಬಚ್ಚಲಮನೆಯವರೆಗೆ ಬಂದಿದೆ. ಹೆಸರು ಉಳಿಯಿತು, ಸೀಸ ಹೋಯಿತು. ಇವತ್ತಿನ ಪ್ಲಂಬರನ ಚೀಲದಲ್ಲಿರುವುದು ಹ್ಯಾಕ್ಸಾ ಬ್ಲೇಡು, ಅಳತೆ ಟೇಪು ಮತ್ತು ‘ಸೊಲ್ಯೂಷನ್’ ಎಂದು ಕರೆಯುವ ಪುಟ್ಟ ಡಬ್ಬಿ. ಸೀಸದಿಂದ ಸೊಲ್ಯೂಷನ್‌ವರೆಗಿನ ದಾರಿಯಲ್ಲಿ ಕೆಲಸ ಹಗುರವಾಯಿತು, ಅಗ್ಗವಾಯಿತು. ಜೊತೆಗೆ ಇನ್ನೊಂದೂ ಆಯಿತು: ಸೊಟ್ಟಗೆ ಕೂತ ಜಾಯಿಂಟನ್ನು ಬಿಚ್ಚಿ ಸರಿಮಾಡುವ ಅವಕಾಶ ಕೈತಪ್ಪಿತು.

ಜಾಯಿಂಟಿನ ಸಮಸ್ಯೆ ಹೊಸದಲ್ಲ. ಸುಮಾರು ನಾಲ್ಕೂವರೆ ಸಾವಿರ ವರ್ಷಗಳ ಹಿಂದೆಯೇ ಮೊಹೆಂಜೊದಾರೊದ ಮನೆಗಳಲ್ಲಿ ಬಚ್ಚಲ ನೀರನ್ನು ಬೀದಿಯ ಚರಂಡಿಗೆ ಇಳಿಸಲು ಸುಟ್ಟ ಮಣ್ಣಿನ ಕೊಳವೆಗಳಿದ್ದವು. ನಲ್ಲಿಯ ಪೈಪಿನಲ್ಲಿ ನೀರಿಗೆ ಒತ್ತಡವಿರುತ್ತದೆ, ಅದು ಮೇಲಕ್ಕೂ ಏರಬಲ್ಲದು. ಬಚ್ಚಲ ಪೈಪಿನ ನೀರಿಗೆ ಇಳಿಜಾರೊಂದೇ ಆಸರೆ. ಆದ್ದರಿಂದ ಇಲ್ಲಿ ಜಾಯಿಂಟಿಗೆ ಎರಡು ಕೆಲಸ: ಸೋರಬಾರದು, ಇಳಿಜಾರನ್ನೂ ಕೆಡಿಸಬಾರದು. ಸೋರಿಕೆ ಕಣ್ಣಿಗೆ ಬೀಳುತ್ತದೆ. ಇಳಿಜಾರು ಕೆಟ್ಟದ್ದು ಗೊತ್ತಾಗಲು ತಿಂಗಳುಗಳೇ ಬೇಕು.

1785ರಲ್ಲಿ ಲಂಡನ್ನಿನ ಚೆಲ್ಸಿ ವಾಟರ್ ಕಂಪನಿಯ ಎಂಜಿನಿಯರ್ ಥಾಮಸ್ ಸಿಂಪ್ಸನ್ ಎರಕದ ಕಬ್ಬಿಣದ ಪೈಪುಗಳಿಗೆ ಒಂದು ಜಾಯಿಂಟು ರೂಪಿಸಿದ. ಒಂದು ಪೈಪಿನ ಬಾಯಿ ಗಂಟೆಯಂತೆ ಅಗಲ. ಇನ್ನೊಂದರ ತುದಿ ಅದರೊಳಗೆ ಇಳಿಯುತ್ತದೆ. ನಡುವಿನ ಸಂದಿಗೆ ನಾರಿನ ಹುರಿ ತುರುಕಿ, ಮೇಲೆ ಕಾಯಿಸಿದ ಸೀಸ ಸುರಿದು, ಅದು ಆರಿದ ಮೇಲೆ ಉಳಿ ಸುತ್ತಿಗೆಯಿಂದ ಬಡಿದು ಗಟ್ಟಿಮಾಡುವ ಪದ್ಧತಿ ಮುಂದೆ ಎಲ್ಲೆಡೆ ನೆಲೆಯೂರಿತು. ಮುಂಬೈಯ ಹಳೆಯ ಕಟ್ಟಡಗಳ ಹಿಂಗೋಡೆಯಲ್ಲಿ ಇಂದಿಗೂ ಕಾಣುವ ಬೀಡು ಕಬ್ಬಿಣದ ಪೈಪುಗಳು ಇದೇ ವಂಶದವು.

ಸೀಸದ ಜಾಯಿಂಟು ನಿಧಾನದ ಕೆಲಸ. ಭಾರ, ಬೆಂಕಿ, ಹೊಗೆ, ಜೊತೆಗೆ ಮೈಗೆ ಸೇರುವ ಸೀಸದ ವಿಷ. ಆದರೂ ಅದರಲ್ಲೊಂದು ಗುಣವಿತ್ತು. ಬಾಯಿಗೂ ತುದಿಗೂ ನಡುವೆ ಸಂದಿ ಇದ್ದುದರಿಂದ ಸೀಸ ಸುರಿಯುವ ಮುನ್ನ ಪೈಪನ್ನು ಅತ್ತಿತ್ತ ತುಸು ವಾಲಿಸಿ ನೇರ ಮಾಡಬಹುದಿತ್ತು. ಆಮೇಲೆ ತಪ್ಪು ಕಂಡರೆ ಸೀಸವನ್ನು ಕೆತ್ತಿಯೋ ಕರಗಿಸಿಯೋ ತೆಗೆದು, ಅದೇ ಪೈಪನ್ನು ಮತ್ತೆ ಕೂರಿಸಬಹುದಿತ್ತು.

ಪಿವಿಸಿ ಬಂದ ಬಗೆ ಬೇರೆ. 1872ರಲ್ಲಿ ಜರ್ಮನಿಯ ಯೂಜೆನ್ ಬೌಮನ್, ವಿನೈಲ್ ಕ್ಲೋರೈಡ್ ತುಂಬಿ ಬಿಸಿಲಲ್ಲಿಟ್ಟ ಗಾಜಿನ ಪಾತ್ರೆಯೊಳಗೆ ಬಿಳಿಯ ಗಟ್ಟಿ ಪದಾರ್ಥ ಕಂಡ. ಅದರಿಂದ ಏನು ಮಾಡಬೇಕೆಂದು ದಶಕಗಳ ಕಾಲ ಯಾರಿಗೂ ತೋಚಲಿಲ್ಲ. 1926ರಲ್ಲಿ ಅಮೆರಿಕದ ಗುಡ್‌ರಿಚ್ ಕಂಪನಿಯ ವಾಲ್ಡೊ ಸೆಮನ್, ರಬ್ಬರನ್ನು ಲೋಹಕ್ಕೆ ಅಂಟಿಸುವ ಗೋಂದು ಹುಡುಕುತ್ತಾ ಇದೇ ಪಿವಿಸಿಯನ್ನು ದ್ರಾವಕದಲ್ಲಿ ಕಾಯಿಸಿದ. ಗೋಂದು ಸಿಗಲಿಲ್ಲ, ಬಾಗುವ ಪ್ಲಾಸ್ಟಿಕ್ ಸಿಕ್ಕಿತು. 1930ರ ದಶಕದಲ್ಲಿ ಜರ್ಮನಿಯಲ್ಲಿ ಗಡುಸು ಪಿವಿಸಿಯ ಪೈಪುಗಳು ತಯಾರಾದವು. ಎರಡನೆಯ ಮಹಾಯುದ್ಧದ ನಂತರ ಅವು ಜಗತ್ತಿನೆಲ್ಲೆಡೆ ಹಬ್ಬಿದವು.

ಗೋಂದಿನ ಹುಡುಕಾಟದಲ್ಲಿ ಬೆಳಕಿಗೆ ಬಂದ ಈ ವಸ್ತುವನ್ನು ಜೋಡಿಸುವುದು ಗೋಂದಿನಿಂದಲ್ಲ ಎಂಬುದೇ ಸೋಜಿಗ. ಪ್ಲಂಬರನ ಡಬ್ಬಿಯಲ್ಲಿರುವುದು ಪಿವಿಸಿಯನ್ನು ಕರಗಿಸುವ ದ್ರಾವಕ. ಹಚ್ಚಿದೊಡನೆ ಪೈಪಿನ ಹೊರಮೈ, ಫಿಟಿಂಗಿನ ಒಳಮೈ ಎರಡೂ ಮೆತ್ತಗಾಗುತ್ತವೆ. ಒಂದರೊಳಗೊಂದು ತಳ್ಳಿದಾಗ ಎರಡರ ಎಳೆಗಳೂ ಹೆಣೆದುಕೊಳ್ಳುತ್ತವೆ. ದ್ರಾವಕ ಆರಿದ ಮೇಲೆ ಅಲ್ಲಿ ಅಂಟಿನ ಪದರವೇ ಇರುವುದಿಲ್ಲ. ಇರುವುದು ಒಂದೇ ಪಿವಿಸಿ. ಬಿಚ್ಚಲು ಬರುವುದಿಲ್ಲ, ಏಕೆಂದರೆ ಬಿಚ್ಚಲು ಅಲ್ಲಿ ಎರಡು ವಸ್ತುಗಳಿಲ್ಲ. ತಿರುಗಿಸಿ ಸರಿಮಾಡಲು ಸಿಗುವುದು ಹೆಚ್ಚೆಂದರೆ ಅರ್ಧ ನಿಮಿಷ.

ತಪ್ಪಾಗುವುದು ಬಹಳ ಸಲ ಅಳತೆಯಲ್ಲೇ. ಫಿಟಿಂಗಿನ ಬಾಯಿ ಒಳಗೆ ಹೋದಂತೆ ಕಿರಿದಾಗುತ್ತದೆ. ಒಣಗಿದ್ದಾಗ ಪೈಪು ಅರ್ಧ ದಾರಿಯಲ್ಲೋ ಸ್ವಲ್ಪ ಆಚೆಯೋ ಬಿಗಿಯಾಗಿ ನಿಲ್ಲುತ್ತದೆ. ಸೊಲ್ಯೂಷನ್ ಹಚ್ಚಿದರೆ ಜಾರಿ ತಳ ಮುಟ್ಟುತ್ತದೆ. ಒಣಗಿನಲ್ಲಿ ಸರಿಯಾಗಿದ್ದ ಅಳತೆ ಹಚ್ಚಿದ ಮೇಲೆ ಗಿಡ್ಡವಾಗುತ್ತದೆ, ಬೆಂಡಿನ ಮುಖ ಓರೆಯಾಗುತ್ತದೆ. ಹಿಡಿದುಕೊಳ್ಳದೆ ಬಿಟ್ಟರೆ ಅದೇ ಕಿರಿದು ಬಾಯಿ ಪೈಪನ್ನು ಹೊರಕ್ಕೆ ನೂಕುತ್ತದೆ.

ತುಸು ಓರೆಯಾದರೆ ಏನಾಯಿತು? ನಮ್ಮಲ್ಲಿ ಮಾರುವ ಚರಂಡಿ ಬೆಂಡುಗಳ ಕೋನ ಸಾಮಾನ್ಯವಾಗಿ 90 ಡಿಗ್ರಿಯಲ್ಲ, 87.5. ಉಳಿದ ಎರಡೂವರೆ ಡಿಗ್ರಿ ಇಳಿಜಾರಿಗಾಗಿ ಬಿಟ್ಟದ್ದು. ಅಡಿಗೆ ಕಾಲಿಂಚು ಎಂಬ ಹಳೆಯ ಲೆಕ್ಕವಂತೂ ಸುಮಾರು ಒಂದೂಕಾಲು ಡಿಗ್ರಿ ಅಷ್ಟೇ. ಅದಕ್ಕಿಂತ ಹೆಚ್ಚು ಎದುರು ದಿಕ್ಕಿಗೆ ವಾಲಿದರೆ ನೀರು ಪೈಪಿನಲ್ಲೇ ನಿಲ್ಲುತ್ತದೆ. ಕೂದಲು, ಸೋಪು, ಜಿಡ್ಡು ಅಲ್ಲೇ ಕೂರುತ್ತವೆ. ಫ್ಲ್ಯಾಟುಗಳಲ್ಲಿ ಈ ಪೈಪು ಬಹಳ ಸಲ ಕೆಳಮನೆಯ ಬಚ್ಚಲ ಸೂರಿನಲ್ಲಿ ನೇತಾಡುತ್ತಿರುತ್ತದೆ. ತಪ್ಪು ಮೇಲ್ಮನೆಯದು, ನೆನೆಯುವುದು ಕೆಳಮನೆ.

ಟ್ರ್ಯಾಪ್ ವಾಲಿದರೆ ಅಪಾಯ ಇನ್ನೂ ದೊಡ್ಡದು. 1775ರಲ್ಲಿ ಲಂಡನ್ನಿನ ಗಡಿಯಾರ ತಯಾರಕ ಅಲೆಕ್ಸಾಂಡರ್ ಕಮಿಂಗ್, ಪೈಪನ್ನು ಬಾಗಿಸಿ ಅದರಲ್ಲಿ ಸದಾ ನೀರು ನಿಲ್ಲುವಂತೆ ಮಾಡಿ ಪೇಟೆಂಟ್ ಪಡೆದ. ಆ ನೀರೇ ಚರಂಡಿಗೂ ಮನೆಗೂ ನಡುವಿನ ಬಾಗಿಲು. ಸ್ನಾನಕ್ಕೆ ಸಂಬಂಧಿಸಿದ ಹೆಸರು ಹೊತ್ತ ನಮ್ಮ ‘ನಹಾನಿ ಟ್ರ್ಯಾಪ್’ ಮಾಡುವುದೂ ಅದನ್ನೇ. 2003ರಲ್ಲಿ ಹಾಂಗ್‌ಕಾಂಗ್‌ನ ಅಮೊಯ್ ಗಾರ್ಡನ್ಸ್ ವಸತಿ ಸಮುಚ್ಚಯದಲ್ಲಿ 300ಕ್ಕೂ ಹೆಚ್ಚು ಜನರಿಗೆ ಸಾರ್ಸ್ ತಗುಲಿತು. ಬಚ್ಚಲ ನೆಲದ ಟ್ರ್ಯಾಪ್‌ಗಳಲ್ಲಿ ನೀರು ಒಣಗಿ, ಚರಂಡಿಯ ಗಾಳಿ ಮನೆಯೊಳಗೆ ನುಗ್ಗಿದ್ದು ಸೋಂಕು ಹರಡಲು ಮುಖ್ಯ ಕಾರಣಗಳಲ್ಲೊಂದೆಂದು ತನಿಖೆ ಹೇಳಿತು. ಅಲ್ಲಿ ನೀರು ಒಣಗಿತ್ತು. ವಾಲಿದ ಟ್ರ್ಯಾಪ್‌ನಲ್ಲಿ ಅದು ಮೊದಲೇ ಕಡಿಮೆ ನಿಂತಿರುತ್ತದೆ.

ಸೊಟ್ಟ ಜಾಯಿಂಟಿಗೆ ಇವತ್ತಿನ ಮದ್ದು ಗರಗಸ. ಬೆಂಡಿನ ಎರಡೂ ಕಡೆ ನೇರ ಪೈಪಿನ ಜಾಗದಲ್ಲಿ ಕತ್ತರಿಸಿ, ಹೊಸ ಬೆಂಡು, ಹೊಸ ತುಂಡು, ಕಪ್ಲರ್ ಹಾಕಬೇಕು. ಪೈಪನ್ನು ಅಲುಗಿಸಲಾಗದ ಕಡೆ, ಒಳಗೆ ತಡೆಯಿಲ್ಲದೆ ಪೈಪಿನ ಮೇಲೆ ಪೂರ್ತಿ ಜಾರುವ ರಿಪೇರಿ ಕಪ್ಲರ್ ಬೇಕು. ಕತ್ತರಿಸಲು ಪೈಪೇ ಉಳಿದಿಲ್ಲದಿದ್ದರೆ, ಫಿಟಿಂಗಿನೊಳಗೆ ಕಚ್ಚಿಕೊಂಡ ಹಳೆಯ ತುಂಡನ್ನು ಕೊರೆದು ತೆಗೆಯುವ ರೀಮರ್ ಇದೆ. ಅಳತೆ ತಪ್ಪಿದರೆ ಫಿಟಿಂಗೂ ಹೋಯಿತು. ಬೆಂಕಿಯಲ್ಲಿ ಕಾಯಿಸಿ ಬಾಗಿಸುವ ಅಡ್ಡದಾರಿ ಬೇಡ. ಪೈಪಿನ ಗೋಡೆ ತೆಳುವಾಗುತ್ತದೆ, ಸುಟ್ಟರೆ ಆಮ್ಲದ ಹೊಗೆ ಬರುತ್ತದೆ.

ಬಾಯಿಯೊಳಗೆ ರಬ್ಬರ್ ರಿಂಗ್ ಕೂರಿಸಿದ ‘ರಿಂಗ್ ಫಿಟ್’ ಪೈಪುಗಳು ಹಳೆಯ ಗುಣವನ್ನು ಸ್ವಲ್ಪ ಮರಳಿ ತಂದಿವೆ. ಅವು ತಿರುಗುತ್ತವೆ, ಎಳೆದರೆ ಬಿಚ್ಚಿಕೊಳ್ಳುತ್ತವೆ. ಆದರೆ ನೆಲದಡಿ ಹೂತು ಮೇಲೆ ಟೈಲ್ಸ್ ಹಾಕಿದ ಮೇಲೆ ಯಾವ ಜಾಯಿಂಟಾದರೂ ಒಂದೇ. ಸೀಸದ ಕಾಲದವನು ತನ್ನ ತಪ್ಪನ್ನು ಕೆಲಸ ಮುಗಿದ ಮೇಲೂ ತಿದ್ದಬಲ್ಲವನಾಗಿದ್ದ. ಪಿವಿಸಿ ಅಂಟಿಸುವವನು ಎಲ್ಲ ತಿದ್ದುಪಡಿಯನ್ನೂ ಡಬ್ಬಿ ತೆರೆಯುವ ಮೊದಲೇ ಮುಗಿಸಬೇಕು: ತಳದವರೆಗಿನ ಆಳ ಅಳೆದು ಪೈಪಿನ ಮೇಲೆ ಗುರುತು, ಪೈಪು ಫಿಟಿಂಗು ಎರಡಕ್ಕೂ ಅಡ್ಡಲಾಗಿ ಪೆನ್ಸಿಲ್ಲಿನ ಒಂದು ಗೆರೆ, ಟ್ರ್ಯಾಪ್ ಮೇಲೆ ಲೆವೆಲ್. ಟೈಲ್ಸಿಗೆ ಮುನ್ನ ಒಂದು ಬಕೆಟ್ ನೀರು ಸುರಿದು, ಅದು ಎಲ್ಲೂ ನಿಲ್ಲದೆ ಹೋಯಿತೇ ಎಂದು ಮನೆಯವರೂ ನಿಂತು ನೋಡಬೇಕು.