ಕೌದಿಯ ಹಣದಿಂದ ಎದ್ದ ಮನೆಗಳು

ಅಮೆರಿಕದ ಪೆನ್ಸಿಲ್ವೇನಿಯಾ ಪ್ರಾಂತದ ಬ್ರೆದ್ರನ್ ಎಂಬ ಕ್ರೈಸ್ತ ಸಭೆಯವರು 1977ರಲ್ಲಿ ಆರಂಭಿಸಿದ ಹರಾಜೊಂದು ವರ್ಷಕ್ಕೊಮ್ಮೆ, ಸೆಪ್ಟೆಂಬರ್ ತಿಂಗಳಲ್ಲಿ, ಲೆಬನಾನ್ ಎಂಬ ಊರಿನ ಜಾತ್ರೆಯ ಬಯಲಿನಲ್ಲಿ ನಡೆದುಕೊಂಡು ಬಂದಿದೆ. ದನಕರುಗಳಿಂದ ಹಿಡಿದು ಮನೆಯಲ್ಲಿ ಬೇಯಿಸಿದ ತಿನಿಸುಗಳವರೆಗೆ ಹಲವು ಪದಾರ್ಥಗಳು ಅಲ್ಲಿ ಮಾರಾಟಕ್ಕೆ ಬರುತ್ತವಾದರೂ ಆ ಹರಾಜಿಗೆ ಕಳೆ ಕಟ್ಟುವುದು ಕೌದಿಗಳ ಸರದಿ ಬಂದಾಗಲೇ. ಇಂಥ ಹರಾಜುಗಳಲ್ಲಿ ವೇದಿಕೆಯ ಮೇಲೆ ನಿಂತ ಇಬ್ಬರು ಕೌದಿಯ ಎರಡು ಮೂಲೆಗಳನ್ನು ಹಿಡಿದು ಮೇಲೆತ್ತಿ, ಅದರ ಇಡಿಯ ಹರವು ಸಭೆಗೆ ಕಾಣುವಂತೆ ಬಿಡಿಸಿ ಹಿಡಿಯುವರು. ಕೂಗುವವನು ಉಸಿರು ತೆಗೆದುಕೊಳ್ಳದವನಂತೆ ಬೆಲೆಯನ್ನು ಏರಿಸುತ್ತ ಹೋಗುವನು. ಸವಾಲಿನಲ್ಲಿ ಗೆದ್ದವನು ಹಣ ತೆತ್ತು, ಕೊಂಡ ಕೌದಿಯನ್ನು ಅಲ್ಲಿಯೇ ಮರಳಿಸಿ, ಇನ್ನೊಮ್ಮೆ ಹರಾಜು ಮಾಡಿರೆಂದು ಹೇಳುವುದೂ ಉಂಟು. ಲೆಬನಾನಿನಲ್ಲಿ ಹೀಗೆ ಕೂಡಿದ ದ್ರವ್ಯವು ನೆರೆಯಲ್ಲಿಯೋ ಚಂಡಮಾರುತದಲ್ಲಿಯೋ ಮನೆಮಠಗಳನ್ನು ಕಳೆದುಕೊಂಡವರ ಪುನರ್ವಸತಿಗೆ ವಿನಿಯೋಗವಾಗುತ್ತದೆ. ಹೊಲಿದ ಬಟ್ಟೆಯು ಮನೆಯ ಗೋಡೆಯಾಗಿ ಪರಿಣಮಿಸುವ ಈ ಪದ್ಧತಿಯ ಹಿಂದೆ ಸುದೀರ್ಘವಾದ ಚರಿತ್ರೆಯಿದೆ. ಆ ಚರಿತ್ರೆಯ ಬಹುಭಾಗವನ್ನು ನಿರ್ಮಿಸಿದವರು ಕೈಯಲ್ಲಿ ಸ್ವಂತದ ಹಣವಿಲ್ಲದಿದ್ದ ಸ್ತ್ರೀಯರೆಂಬುದೇ ನನ್ನ ಮಟ್ಟಿಗೆ ಅದರಲ್ಲಿ ಅತ್ಯಂತ ಗಮನಾರ್ಹವಾದ ಸಂಗತಿ.

ನಮ್ಮ ಉತ್ತರ ಕರ್ನಾಟಕದ ತಾಯಂದಿರು ಹಳೆಯ ಸೀರೆ ಧೋತರಗಳನ್ನು ಪದರಪದರವಾಗಿ ಹಾಸಿ ಹೊಲಿಯುವ ಕೌದಿಗೂ ಅಮೆರಿಕದ ಕೌದಿಗೂ ಹತ್ತಿರದ ಸಾಮ್ಯವಿದ್ದರೂ ರಚನೆಯಲ್ಲಿ ಭೇದವುಂಟು. ಅಲ್ಲಿ ಬಣ್ಣಬಣ್ಣದ ತುಂಡುಗಳನ್ನು ಒಂದು ಕ್ರಮದಲ್ಲಿ ಜೋಡಿಸಿ ಮೇಲಿನ ಪದರವನ್ನು ಸಿದ್ಧಪಡಿಸುವರು. ಕೆಳಗೊಂದು ಅಖಂಡವಾದ ಬಟ್ಟೆ, ನಡುವೆ ಹಿಂಜಿದ ಅರಳೆಯ ತೆಳುವಾದ ಹಾಸು. ಈ ಮೂರನ್ನೂ ಮರದ ಚೌಕಟ್ಟಿಗೆ ಬಿಗಿದು, ಅದರ ಸುತ್ತ ಎಂಟು ಹತ್ತು ಮಂದಿ ಹೆಂಗಸರು ಕುಳಿತು, ಮಧ್ಯದ ಬೆರಳಿಗೆ ಲೋಹದ ಟೊಪ್ಪಿಯನ್ನು ತೊಟ್ಟು, ಗಿಡ್ಡನೆಯ ಸೂಜಿಯಿಂದ ಮೂರು ಪದರಗಳನ್ನೂ ಭೇದಿಸಿ ಹೊಲಿಯುತ್ತಾರೆ. ನುರಿತ ಕೈಯಾದರೆ ಅಂಗುಲವೊಂದರಲ್ಲಿ ಹತ್ತು ಹೊಲಿಗೆಗಳು ಬೀಳುವುವು. ಅಂಚಿನ ಭಾಗ ಮುಗಿದೊಡನೆ ಅದನ್ನು ಕೋಲಿಗೆ ಸುತ್ತಿ, ಎಲ್ಲರೂ ನಡುವಿನ ಕಡೆಗೆ ಸಾಗುವರು. ಒಬ್ಬಳೇ ಕುಳಿತರೆ ತಿಂಗಳುಗಟ್ಟಲೆ ಹಿಡಿಯುವ ಕೆಲಸ ಹೀಗೆ ಕೂಡಿ ಮಾಡಿದಾಗ ಕೆಲವೇ ದಿನಗಳಲ್ಲಿ ಮುಗಿಯುವುದರಿಂದ ಕೌದಿಯ ಹೊಲಿಗೆಯು ಆ ನಾಡಿನಲ್ಲಿ ಸಹಜವಾಗಿಯೇ ಸಾಮೂಹಿಕ ಕಾರ್ಯವಾಯಿತು. ಕೂಡಿ ಕುಳಿತವರು ಊರಿನ ಕಷ್ಟವನ್ನೂ ಪರದೇಶದ ವಾರ್ತೆಯನ್ನೂ ಮಾತನಾಡದೆ ಇದ್ದಾರೆಯೇ? ಧರ್ಮಕಾರ್ಯಕ್ಕೆಂದು ಹೊಲಿಯುವ ಸಂಕಲ್ಪವು ಹುಟ್ಟಿದುದು ಆ ಚೌಕಟ್ಟಿನ ಸುತ್ತಲೇ ಎಂದು ನಾನು ಭಾವಿಸುತ್ತೇನೆ.

ಆ ಸಂಕಲ್ಪದ ಪ್ರಾಚೀನವಾದ ಕುರುಹುಗಳು ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ದೊರೆಯುತ್ತವೆ. ಗುಲಾಮಗಿರಿಯ ನಿರ್ಮೂಲನಕ್ಕಾಗಿ ಬಾಸ್ಟನ್ನಿನ ಸ್ತ್ರೀಯರು 1836ರಲ್ಲಿ ನಡೆಸಿದ ಮೇಳಕ್ಕೆ ಲೇಖಕಿ ಲಿಡಿಯಾ ಮರಿಯಾ ಚೈಲ್ಡ್ ತೊಟ್ಟಿಲ ಕೌದಿಯೊಂದನ್ನು ಹೊಲಿದು ಕೊಟ್ಟಳು. ಅಲ್ಲಿಂದ ಹತ್ತು ವರ್ಷಗಳೊಳಗೆ, ಅಳಿಸದ ಶಾಯಿಯಿಂದ ಬಟ್ಟೆಯ ಮೇಲೆ ಹೆಸರುಗಳನ್ನು ಬರೆದ ಹಸ್ತಾಕ್ಷರದ ಕೌದಿಗಳು ಬಳಕೆಗೆ ಬಂದುವು. ಅಂತರ್ಯುದ್ಧವು ಆರಂಭವಾದ 1861ರಲ್ಲಿಯೇ ಸ್ಥಾಪಿತವಾದ ಸ್ಯಾನಿಟರಿ ಕಮಿಷನ್ ಎಂಬ ಸಂಸ್ಥೆಯ ಮೂಲಕ ಸಾವಿರಾರು ಕೌದಿಗಳು ಆಸ್ಪತ್ರೆಗಳಲ್ಲಿ ಮಲಗಿದ್ದ ಸೈನಿಕರಿಗೆ ತಲಪಿದುವು. ಅದರ ನೆರವಿಗಾಗಿ 1864ರಲ್ಲಿ ನ್ಯೂಯಾರ್ಕಿನಲ್ಲಿ ನಡೆದ ಮೇಳವೊಂದೇ ಹತ್ತು ಲಕ್ಷ ಡಾಲರುಗಳಿಗೂ ಮಿಕ್ಕಿದ ಹಣವನ್ನು ತಂದಿತು. ಆದರೂ ಆ ಕಾಲದಲ್ಲಿ ಕೌದಿಯ ಮುಖ್ಯ ಪ್ರಯೋಜನವು ಹೊದೆಯುವುದೇ. ಅದನ್ನು ಮಾರಿ ಇನ್ನೊಬ್ಬರಿಗೆ ಸೂರು ಕಟ್ಟಿಸಬಹುದೆಂಬ ಯೋಚನೆಯು ಇನ್ನೂ ದೂರದಲ್ಲಿತ್ತು.

ಸೂರಿನ ಪ್ರಶ್ನೆಯನ್ನು ಆ ದೇಶದ ಮುಂದೆ ಭೀಕರವಾಗಿ ತಂದು ನಿಲ್ಲಿಸಿದುದು 1889ರ ಮೇ 31ರಂದು ಪೆನ್ಸಿಲ್ವೇನಿಯಾದ ಜಾನ್ಸ್‌ಟೌನಿನಲ್ಲಿ ಸಂಭವಿಸಿದ ಪ್ರಳಯ. ಬೆಟ್ಟದ ಮೇಲೆ ಶ್ರೀಮಂತರ ವಿಹಾರಕ್ಕಾಗಿ ಇರಿಸಿಕೊಂಡಿದ್ದ ಸರೋವರದ ಕಟ್ಟೆಯು ಮಳೆಗೆ ಒಡೆದು, ಕಣಿವೆಯ ಗ್ರಾಮಗಳನ್ನು ಕೊಚ್ಚಿಕೊಂಡು ಬಂದ ನೀರು ಆ ಉಕ್ಕಿನ ಪಟ್ಟಣದ ಮೇಲೆರಗಿದಾಗ 2,209 ಮಂದಿ ಮೃತಪಟ್ಟರು. 1881ರಲ್ಲಿ ಅಮೆರಿಕದ ರೆಡ್ ಕ್ರಾಸ್ ಸಂಸ್ಥೆಯನ್ನು ಸ್ಥಾಪಿಸಿದ್ದ ಕ್ಲಾರಾ ಬಾರ್ಟನ್ ತನ್ನ ಅರುವತ್ತೇಳನೆಯ ವಯಸ್ಸಿನಲ್ಲಿ ಅಲ್ಲಿಗೆ ಧಾವಿಸಿ ಬಂದು, ಐದು ತಿಂಗಳ ಪರ್ಯಂತ ಕದಲದೆ ನಿಂತು, ನಿರಾಶ್ರಿತರಿಗಾಗಿ ಮರದ ದೊಡ್ಡ ವಸತಿಗೃಹಗಳನ್ನು ಕಟ್ಟಿಸಿದಳು. ದೇಶದ ಮೂಲೆಮೂಲೆಗಳಿಂದ ಬಟ್ಟೆಬರೆಯೂ ಹೊದಿಕೆಯೂ ರೈಲಿನ ಡಬ್ಬಿಗಳಲ್ಲಿ ಬಂದು ಬಿದ್ದುವು. ಅನ್ನ ಬಟ್ಟೆಗಳನ್ನು ಕೊಟ್ಟು ಹಿಂತಿರುಗುವುದರಿಂದ ಆಪತ್ತಿನ ಪರಿಹಾರವು ಮುಗಿಯುವುದಿಲ್ಲ, ಸಂತ್ರಸ್ತನು ಮತ್ತೆ ತನ್ನದೊಂದು ಬಾಗಿಲನ್ನು ತೆರೆದು ಒಳಹೊಗುವವರೆಗೂ ಆ ಹೊಣೆ ಉಳಿದೇ ಇರುತ್ತದೆಂಬ ತಿಳಿವಳಿಕೆಯು ಇಂಥ ಅನುಭವಗಳಿಂದ ಬೆಳೆಯಿತು.

ಇತ್ತ ಕೌದಿಯೂ ತನ್ನ ಪಾತ್ರವನ್ನು ಬದಲಿಸಿಕೊಳ್ಳುತ್ತಿತ್ತು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ, 1917ರ ಡಿಸೆಂಬರ್ ಸಂಚಿಕೆಯಲ್ಲಿ, ಮಾಡರ್ನ್ ಪ್ರಿಸಿಲ್ಲಾ ಎಂಬ ಮಹಿಳಾ ಪತ್ರಿಕೆಯು ಒಂದೇ ಕೌದಿಯಿಂದ ರೆಡ್ ಕ್ರಾಸಿಗೆ ಸಾವಿರ ಡಾಲರು ಸಂಗ್ರಹಿಸುವ ಯೋಜನೆಯನ್ನು ಪ್ರಕಟಿಸಿತು. ಉಪಾಯವು ಸರಳವಾದುದೇ: ಬಿಳಿಯ ಹಿನ್ನೆಲೆ, ಕೆಂಪು ಶಿಲುಬೆ, ಒಂದಿಷ್ಟು ಕಾಣಿಕೆ ಕೊಟ್ಟವನ ಹೆಸರನ್ನು ಅದರ ಮೇಲೆ ಕಸೂತಿಯಲ್ಲಿ ಮೂಡಿಸುವುದು. ಹೆಸರುಗಳಿಂದ ಹಣ ಬಂದ ಮೇಲೆ ಕೌದಿಯನ್ನೇ ಹರಾಜಿಗಿಟ್ಟು ಇನ್ನಷ್ಟನ್ನು ಕೂಡಿಸಬಹುದು. ಊರೂರುಗಳಲ್ಲಿ ಇಂಥ ಕೌದಿಗಳು ಸಿದ್ಧವಾದುವು.

ಆದರೆ ಈ ಪದ್ಧತಿಯನ್ನು ಯುದ್ಧಕಾಲದ ಉತ್ಸಾಹದೊಡನೆ ಮುಗಿಯಗೊಡದೆ ಕುಲಾಚಾರವೆಂಬಂತೆ ಸ್ಥಿರಗೊಳಿಸಿದವರು ಯುದ್ಧವನ್ನೇ ಒಪ್ಪದ ಕ್ರೈಸ್ತ ಪಂಥಗಳವರಾದ ಮೆನೊನೈಟರು ಮತ್ತು ಬ್ರೆದ್ರನ್ನರು. ಯೂರೋಪಿನಲ್ಲಿ ಚಿತ್ರಹಿಂಸೆಗೆ ಒಳಗಾಗಿ ನೆಲೆ ತಪ್ಪಿದ ಪೂರ್ವಜರ ಸ್ಮೃತಿಯು ಮೆನೊನೈಟರಲ್ಲಿ ಇಂದಿಗೂ ಹಸಿಯಾಗಿದೆ. ದಕ್ಷಿಣ ರಷ್ಯದ ತಮ್ಮ ಬಂಧುಗಳು ಕ್ಷಾಮಕ್ಕೆ ತುತ್ತಾಗುತ್ತಿರುವರೆಂಬ ವಾರ್ತೆ ಬಂದಾಗ ಅವರು 1920ರಲ್ಲಿ ಕೇಂದ್ರ ಪರಿಹಾರ ಸಮಿತಿಯೊಂದನ್ನು ರಚಿಸಿದರು. 1942ರಲ್ಲಿ ಅದೇ ಸಮಿತಿಯು ಬಂಗಾಳದಲ್ಲಿಯೂ ಕಾರ್ಯವನ್ನು ಆರಂಭಿಸಿತು. ಊರೂರಿನ ಸಭೆಗಳಲ್ಲಿದ್ದ ಹೊಲಿಗೆಯ ಬಳಗಗಳು ಈ ಸಮಿತಿಗೆ ಹೊದಿಕೆಗಳನ್ನು ಒದಗಿಸುತ್ತಿದ್ದುವು. ಮುಂದೆ 1957ರಲ್ಲಿ ಪೆನ್ಸಿಲ್ವೇನಿಯಾದಲ್ಲಿ ಪರಿಹಾರಾರ್ಥವಾದ ಹರಾಜು ಮೊದಲಾಗಿ, 1967ರ ವೇಳೆಗೆ ಕೆನಡಾದ ನ್ಯೂ ಹ್ಯಾಂಬರ್ಗ್ ಎಂಬ ಊರಿಗೂ ಹಬ್ಬಿತು. ಎಲ್ಲ ಕಡೆಗಳಲ್ಲಿಯೂ ಕೌದಿಗೇ ಅಗ್ರಸ್ಥಾನ.

ಇದೇ ಸಮುದಾಯದ ಪುರುಷರ ಕಥೆಯು ಇನ್ನೊಂದು ದಾರಿಯಿಂದ ಬಂದು ಸೇರುತ್ತದೆ. ನೆರೆಯವನ ಕೊಟ್ಟಿಗೆಯು ಸುಟ್ಟುಹೋದರೆ ಊರೆಲ್ಲ ಕೂಡಿ ಹೊಸದನ್ನು ಎತ್ತಿ ನಿಲ್ಲಿಸುವ ಸಂಪ್ರದಾಯ ಅವರಲ್ಲಿ ಹಳೆಯದು. ಕಾನ್ಸಾಸ್ ಪ್ರಾಂತದ ಹೆಸ್ಟನ್ನಿನ ಯುವಕರು 1950ರಲ್ಲಿ ಈ ಸಂಪ್ರದಾಯವನ್ನು ಊರಿನ ಎಲ್ಲೆಯಿಂದಾಚೆಗೂ ಒಯ್ಯಬೇಕೆಂದು ನಿಶ್ಚಯಿಸಿ ಮೆನೊನೈಟ್ ಆಪತ್ಸೇವೆಗೆ ಅಡಿಪಾಯ ಹಾಕಿದರು. ಬಡಗಿಗಳೂ ರೈತರೂ ನಿವೃತ್ತ ಉಪಾಧ್ಯಾಯರೂ ವಾರಗಟ್ಟಲೆ ಬಂದು ನಿಂತು, ಕೂಲಿಯನ್ನು ಮುಟ್ಟದೆ, ಅನ್ಯರ ಮನೆಗಳನ್ನು ಕಟ್ಟಿಕೊಡುವ ಕ್ರಮವದು. 2005ರಲ್ಲಿ ಕತ್ರೀನಾ ಚಂಡಮಾರುತವು ಹಾಳುಗೆಡವಿದ ಮೆಕ್ಸಿಕೋ ಕೊಲ್ಲಿಯ ತೀರದಲ್ಲಿಯೂ, 2007ರ ಮೇ 4ರ ಸುಂಟರಗಾಳಿಯು ಬಹುಮಟ್ಟಿಗೆ ನೆಲಸಮ ಮಾಡಿದ ಕಾನ್ಸಾಸಿನ ಗ್ರೀನ್ಸ್‌ಬರ್ಗಿನಲ್ಲಿಯೂ ಅವರು ಮನೆಗಳನ್ನೆತ್ತಿದರು. ಬ್ರೆದ್ರನ್ನರ ಆಪತ್ಸೇವೆಯೂ ಇದೇ ಮಾದರಿಯದು.

ಈ ವ್ಯವಸ್ಥೆಯ ಮರ್ಮವನ್ನು ತುಸು ನಿಂತು ನೋಡಬೇಕು. ಕೌದಿಯೊಂದಕ್ಕೆ ತಗಲುವ ನೂರಾರು ತಾಸುಗಳ ಶ್ರಮವನ್ನು ಕೂಲಿಯ ದರದಲ್ಲಿ ಗುಣಿಸಿದರೆ ಹರಾಜಿನಲ್ಲಿ ಬರುವ ಬೆಲೆಯು ಹೆಚ್ಚಾಗಿ ಅದನ್ನು ಮುಟ್ಟಲಾರದು. ಅದಕ್ಕಿಂತ ಆ ಕೂಲಿಯನ್ನೇ ದಾನ ಮಾಡಬಾರದೇಕೆ ಎಂದು ಕೇಳುವವರಿದ್ದಾರೆ. ಈ ಪ್ರಶ್ನೆಯು ಲೆಕ್ಕಕ್ಕೆ ಸರಿಯಾಗಿ ಕಂಡರೂ ಬದುಕಿಗೆ ಸರಿಯಲ್ಲ. ಹೊಲಮನೆಯ ದುಡಿಮೆ ಮುಗಿದ ಬಳಿಕ ಚೌಕಟ್ಟಿನ ಮುಂದೆ ಬಂದು ಕೂರುವ ವೃದ್ಧೆಯ ಆ ತಾಸುಗಳಿಗೆ ಹೊರಗೆ ಕೂಲಿ ಕೊಡುವವರು ಯಾರೂ ಇರಲಿಲ್ಲ. ಬೇರೆ ಯಾವ ರೀತಿಯಿಂದಲೂ ಹಣವಾಗಲಾರದಿದ್ದ ಕಾಲವನ್ನು ಆಕೆ ಹೊಲಿಗೆಯ ಮೂಲಕ ಹಣವನ್ನಾಗಿ ಮಾಡಿದಳು. ಅತ್ತ ಕಟ್ಟುವವರೂ ಕೂಲಿ ಕೇಳದಿರುವುದರಿಂದ ಆ ಹಣವು ಮೇಸ್ತ್ರಿಯ ಸಂಬಳಕ್ಕೆ ಕರಗದೆ ಮರಮುಟ್ಟು, ಮೊಳೆ, ಮಾಡಿನ ಹೊದಿಕೆಗಳಿಗೇ ಸಲ್ಲುತ್ತದೆ. ಸೂಜಿ ಹಿಡಿದವರ ಉಚಿತ ಶ್ರಮವೂ ಸುತ್ತಿಗೆ ಹಿಡಿದವರ ಉಚಿತ ಶ್ರಮವೂ ಒಂದೆಡೆ ಕೂಡಿದುದರಿಂದಲೇ ಅಲ್ಪವಾದ ದ್ರವ್ಯಕ್ಕೆ ಇಷ್ಟು ಬಲ ಬಂದಿತು. ಮನೆ ಕಟ್ಟಿದವರನ್ನು ಜನ ಕಣ್ಣಾರೆ ಕಂಡು ಕೊಂಡಾಡಿದರು. ಕೌದಿ ಹೊಲಿದವರನ್ನು ಆ ಮನೆಯ ಒಡೆಯನು ನೋಡಲೂ ಇಲ್ಲ. ಈ ಅನ್ಯಾಯವನ್ನು ಚರಿತ್ರೆ ಬರೆಯುವವರಾದರೂ ಸರಿಪಡಿಸಬೇಕಾಗಿದೆ.

ಕಾಲಕ್ರಮದಲ್ಲಿ ಕೌದಿಯ ಬೆಲೆಯು ಏರಿದುದಕ್ಕೆ ಹೊರಗಿನ ಕಾರಣವೊಂದು ಉಂಟು. 1971ರಲ್ಲಿ ನ್ಯೂಯಾರ್ಕಿನ ವಿಟ್ನಿ ವಸ್ತುಸಂಗ್ರಹಾಲಯವು ಹಳೆಯ ಕೌದಿಗಳನ್ನು ಚಿತ್ರಪಟಗಳಂತೆ ಗೋಡೆಗೆ ತೂಗುಹಾಕಿ ಪ್ರದರ್ಶಿಸಿತು. ಮಂಚದ ಮೇಲಿದ್ದುದು ಕಲೆಯೆಂದು ಗಣ್ಯವಾದ ಮೇಲೆ ಕೊಳ್ಳುವವರು ದೂರದ ನಗರಗಳಿಂದ ಹುಡುಕಿಕೊಂಡು ಬರತೊಡಗಿದರು. ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್ ಸೀಮೆಯಲ್ಲಿ ಬೇಡಿಕೆಯು ಅಲ್ಲಿಯ ಕೈಗಳ ಶಕ್ತಿಯನ್ನು ಮೀರಿತು. ಆಗ, 1980ರ ದಶಕದಲ್ಲಿ, ಲಾವೋಸಿನ ಯುದ್ಧದಿಂದ ಪಾರಾಗಿ ಬಂದು ಆ ಸೀಮೆಯಲ್ಲಿ ನೆಲೆಸಿದ್ದ ಹ್ಮಾಂಗ್ ಜನಾಂಗದ ಸ್ತ್ರೀಯರು, ಬಟ್ಟೆಯ ಮೇಲೆ ಬಟ್ಟೆಯನ್ನಿಟ್ಟು ಹೊಲಿಯುವ ತಮ್ಮ ಪರಂಪರಾಗತ ಕೌಶಲದಿಂದ, ಅಲ್ಲಿಯ ಅಂಗಡಿಗಳಿಗೆ ಕೌದಿಗಳನ್ನು ಹೊಲಿದುಕೊಟ್ಟು ಜೀವನೋಪಾಯವನ್ನು ಕಂಡುಕೊಂಡರು.

ಸೂಕ್ಷ್ಮವಾದ ಹೊಲಿಗೆ ಬಾರದವರಿಗೂ ಈ ಕಾರ್ಯದಲ್ಲಿ ಸ್ಥಾನವಿಲ್ಲದೆ ಹೋಗಲಿಲ್ಲ. ಮೂರು ಪದರಗಳನ್ನು ಅಲ್ಲಲ್ಲಿ ದಪ್ಪ ದಾರದಿಂದ ಗಂಟು ಹಾಕಿ ಮುಗಿಸುವ ಒರಟು ಹೊದಿಕೆಯೊಂದುಂಟು; ಶಾಲೆಯ ಮಕ್ಕಳೂ ಗಂಡಸರೂ ಅದನ್ನು ಒಂದೆರಡು ದಿನಗಳಲ್ಲಿ ಕಲಿತು ಮಾಡಬಲ್ಲರು. ಅದು ಹರಾಜಿಗೆ ಹೋಗುವುದಲ್ಲ. ಮೆನೊನೈಟರ ಸಮಿತಿಯು ಅಂಥ ಹೊದಿಕೆಗಳನ್ನು ಮೂಟೆ ಕಟ್ಟಿಸಿ, ಸೂರಿಗಾಗಿ ಇನ್ನೂ ಕಾಯುತ್ತಿರುವವರ ಶಿಬಿರಗಳಿಗೆ ಹಡಗುಗಳಲ್ಲಿ ಕಳುಹಿಸುತ್ತಲೇ ಇದೆ.