ನಡೆದುಹೋದ ಗುಡಿಸಲು

ಗೋಮುಖದವರೆಗೆ ಹೋಗಿಬಂದ ಯಾತ್ರಿಕರು ಅಲ್ಲಿಯ ಹಿಮದ ಗವಿಯನ್ನೂ ಅದರೊಳಗಿಂದ ಹೊರಡುವ ಭಾಗೀರಥಿಯನ್ನೂ ಬಾಯಿತುಂಬ ವರ್ಣಿಸುವುದುಂಟು. ಆ ಹಿಮವೂ ನಡೆಯುತ್ತಿದೆಯೆಂದು ಹೇಳುವವರು ಅಪೂರ್ವ. ಹೇಳುವುದಾದರೂ ಹೇಗೆ? ಕಣ್ಣಿಗೆ ಅದು ಬಂಡೆಯ ಹಾಗೆ ಬಿದ್ದುಕೊಂಡಿರುತ್ತದೆ. ನಮ್ಮ ಭೂಗೋಳದ ಪುಸ್ತಕಗಳು ಮಾತ್ರ ಅದಕ್ಕೆ ‘ಹಿಮನದಿ’ ಎಂದು ಹೆಸರಿಟ್ಟು, ಪ್ರಶ್ನೆ ಏಳುವ ಮೊದಲೇ ಉತ್ತರ ಹೇಳಿಬಿಟ್ಟಿವೆ. ಆ ಉತ್ತರವನ್ನು ಪಡೆಯುವುದಕ್ಕೆ ಯೂರೋಪಿನ ಪಂಡಿತರು ಬಹಳ ಹೆಣಗಬೇಕಾಯಿತು. ಹಿಮ ಕೆಳಗೆ ಸರಿಯುತ್ತದೆಯೆಂದು ಆಲ್ಪ್ಸ್ ಪರ್ವತದ ಕುರುಬರಿಗೆ ಗೊತ್ತೇ ಇದ್ದಿತು. ವರ್ಷಕ್ಕೆ ಎಷ್ಟು ಸರಿಯುತ್ತದೆ, ಯಾವ ಬಲದಿಂದ ಸರಿಯುತ್ತದೆ, ಚಳಿಗಾಲದಲ್ಲಿ ನಿಂತುಬಿಡುತ್ತದೆಯೇ ಎಂಬುದು ಯಾರಿಗೂ ತಿಳಿದಿರಲಿಲ್ಲ. ಇದನ್ನು ಬಿಡಿಸುವುದರಲ್ಲಿ ದೊಡ್ಡ ಯಂತ್ರಗಳಿಗಿಂತ ಮೊದಲು ಉಪಕಾರಕ್ಕೆ ಬಂದದ್ದು ಒಂದು ಕಲ್ಲಿನ ಗುಡಿಸಲು.

ಅದನ್ನು ಕಟ್ಟಿಸಿದವರು ಸ್ವಿಟ್ಜರ್‌ಲೆಂಡಿನ ಸೊಲೊಥೂರ್ನ್ ಎಂಬ ಊರಿನ ಉಪಾಧ್ಯಾಯರು, ಫ್ರಾಂಜ್ ಯೋಸೆಫ್ ಹೂಗಿ. 1827ರಲ್ಲಿ ಅವರು ಆರ್ ಹಿಮನದಿಯ ನಡುವೆ, ಎರಡು ಹಿಮಪ್ರವಾಹಗಳು ಕೂಡುವ ಕಡೆ, ತಂಗುವುದಕ್ಕೆಂದು ಕಲ್ಲು ಪೇರಿಸಿ ಒಂದು ಗೂಡನ್ನು ಮಾಡಿಸಿದರು. ಬೆಟ್ಟದ ಮೇಲಲ್ಲ, ಹಿಮ ಹೊತ್ತು ತಂದ ಕಲ್ಲುರಾಶಿಯ ಮೇಲೆ. ಮೂರು ವರ್ಷ ಕಳೆದು ನೋಡಿದರೆ ಗುಡಿಸಲು ಸುಮಾರು 100 ಮೀಟರ್ ಕೆಳಗಿತ್ತು. 1836ರಲ್ಲಿ 700 ಮೀಟರ್ ದಾಟಿತ್ತು. ಗೋಡೆ ಗುಡಿಸಲಿನದೇ, ಬಾಗಿಲೂ ಅದೇ. ನಿವೇಶನ ಮಾತ್ರ ಬೇರೆ! ಹೂಗಿಯವರು ಗದ್ದಲ ಮಾಡದೆ ಲೆಕ್ಕವನ್ನು ಕಾಗದದ ಮೇಲೆ ಬರೆದು, ಸೀಸೆಯಲ್ಲಿ ಹಾಕಿ, ಕಲ್ಲುಗಳ ಕೆಳಗಿಟ್ಟು ಬಂದರು.

ಅವರ ಇನ್ನೊಂದು ಸಾಹಸವನ್ನು ಇಲ್ಲಿಯೇ ಹೇಳಬೇಕು. ಚಳಿಗಾಲದಲ್ಲಿ ಪರ್ವತಕ್ಕೆ ಹೋಗುವವರನ್ನು ಹುಚ್ಚರೆನ್ನುತ್ತಿದ್ದ ಆ ಕಾಲದಲ್ಲಿ, 1832ರ ಜನವರಿಯಲ್ಲಿ, ಅವರು ಗ್ರಿಂಡೆಲ್‌ವಾಲ್ಡ್ ಹಿಮನದಿಯ ಮೇಲ್ಗಡೆಯ ಸ್ಟೀರೆಗ್ ಎಂಬ ಹುಲ್ಲುಗಾವಲಿಗೆ ಹತ್ತಿ, ಬೇಸಗೆಯಲ್ಲಿ ಕುರುಬರು ಇರುವ ಗುಡಿಸಲಿನಲ್ಲಿ ಬೀಡುಬಿಟ್ಟರು. ಹಿಮನದಿಯ ಸ್ವಭಾವವನ್ನು ತಿಳಿಯಬೇಕಾದರೆ ಅದನ್ನು ಎರಡು ಋತುಗಳಲ್ಲಿಯೂ ನೋಡಬೇಕು ಎಂಬುದು ಅವರ ಹಟ. ಸರಳವಾದ ಮಾತು. ಆದರೆ ಅವರಿಗಿಂತ ಹೆಸರುವಾಸಿಯಾದವರಿಗೆ ಅದು ತಡವಾಗಿ ಹೊಳೆಯಿತು.

ಹೆಸರುವಾಸಿಯಾದವರೆಂದರೆ ಲೂಯಿ ಅಗಾಸಿ. ನ್ಯೂಷಾಟೆಲ್ ಪಟ್ಟಣದ ಅಧ್ಯಾಪಕರು, ಮೀನಿನ ಪಳೆಯುಳಿಕೆಗಳಲ್ಲಿ ಅದ್ವಿತೀಯರು. ಹಿಂದೊಂದು ಕಾಲದಲ್ಲಿ ಯೂರೋಪಿನ ಬಹುಭಾಗವನ್ನು ಹಿಮ ಮುಚ್ಚಿತ್ತೆಂದು 1837ರಲ್ಲಿ ಸಾರಿ ವಿದ್ವತ್ಸಭೆಯನ್ನು ಬೆಚ್ಚಿಬೀಳಿಸಿದವರು. 1839ರಲ್ಲಿ ಆರ್ ಹಿಮನದಿಗೆ ಬಂದ ಅವರಿಗೆ ಹೂಗಿಯವರ ಗುಡಿಸಲು ಸಿಕ್ಕಿತು. ಕಲ್ಲುಗಳ ಕೆಳಗೆ ಒಡೆದ ಸೀಸೆಯೂ ಅದರಲ್ಲಿದ್ದ ಕಾಗದಗಳೂ ಸಿಕ್ಕಿದವು. ಮರುವರ್ಷ ಅಗಾಸಿ ಗೆಳೆಯರೊಡನೆ ಬಂದು ಅದೇ ಹಿಮನದಿಯ ಮೇಲೆ ತಾವೂ ಮನೆ ಹೂಡಿದರು. ಮನೆಯೆಂದರೆ, ಹಿಮದ ಮೇಲೆ ಕುಳಿತಿದ್ದ ಭಾರಿ ಬಂಡೆಯೊಂದರ ಚಾಚು. ಅದರ ಕೆಳಗೆ ಪಕ್ಕದಲ್ಲೊಂದು ಒಣಗಲ್ಲಿನ ಗೋಡೆ. ಬಾಗಿಲಿಗೆ ಒಂದು ಕಂಬಳಿ. ಅಡುಗೆ ಹೊರಗೆ. ಆರು ಜನ ಒತ್ತಿಕೊಂಡು ಮಲಗಬಹುದು. ಇಷ್ಟಕ್ಕೆ ಅವರು ‘ನ್ಯೂಷಾಟೆಲಿಗರ ಹೋಟೆಲು’ ಎಂದು ಹೆಸರಿಟ್ಟರು.

ಬೇಸಗೆಯಲ್ಲಿ ಅಲ್ಲಿಯ ಬಾಳು ಒಂದು ಜಾತ್ರೆ. ಒಬ್ಬರು ಹಿಮದಲ್ಲಿ ಬೈರಿಗೆ ಇಳಿಸಿ ಶಾಖ ಅಳೆಯುವರು. ಇನ್ನೊಬ್ಬರು ಸೂಕ್ಷ್ಮದರ್ಶಕದಲ್ಲಿ ಹಿಮದ ಜೀವಿಗಳನ್ನು ನೋಡುವರು. ದಾರಿತೋರುವ ಬೆಟ್ಟದವರು ಸೌದೆ ಹೊತ್ತು ತರುವರು. ಅಗಾಸಿಯವರು ಒಮ್ಮೆ ಹಗ್ಗ ಕಟ್ಟಿಕೊಂಡು ಹಿಮದೊಳಗಿನ ಬಾವಿಯಲ್ಲಿ ನೂರಡಿಗೂ ಹೆಚ್ಚು ಆಳಕ್ಕೆ ಇಳಿದರು. ಕಾಲು ಕೊರೆಯುವ ನೀರಿಗೆ ತಗಲಿದ ಮೇಲೆಯೇ ಮೇಲೆಳೆಯಿರೆಂದು ಕೂಗಿದರು. ಹಗಲೆಲ್ಲ ಹಿಮದ ಮೇಲೆ ತೊರೆಗಳ ಸದ್ದು, ಇರುಳಾದರೆ ನಿಶ್ಶಬ್ದ. ಈ ಹಗಲು ಇರುಳಿನ ವ್ಯತ್ಯಾಸವೇ ಅಗಾಸಿಯವರ ಸಿದ್ಧಾಂತಕ್ಕೆ ಆಧಾರವಾಯಿತು. ಹಗಲು ಕರಗಿದ ನೀರು ಸಣ್ಣ ಬಿರುಕುಗಳಲ್ಲಿ ಇಳಿಯುತ್ತದೆ. ರಾತ್ರಿ ಹೆಪ್ಪುಗಟ್ಟಿ ಹಿಗ್ಗುತ್ತದೆ. ಆ ಹಿಗ್ಗುವಿಕೆಯೇ ಹಿಮವನ್ನು ಮುಂದಕ್ಕೆ ನೂಕುತ್ತದೆ. ಹಾಗಾದರೆ ಕರಗುವಿಕೆಯೇ ಇಲ್ಲದ ಚಳಿಗಾಲದಲ್ಲಿ? ಹಿಮನದಿ ನಿದ್ರಿಸುತ್ತದೆ ಎಂದರು.

ತರ್ಕ ಅಚ್ಚುಕಟ್ಟಾಗಿದೆ. ಅದು ಬೇಸಗೆಯ ಅತಿಥಿಗಳ ತರ್ಕವೆಂಬುದಷ್ಟೇ ಅದರ ದೋಷ.

ಅಗಾಸಿಯವರ ದೊಡ್ಡತನವೆಂದರೆ ಅವರು ನೋಡುವುದಕ್ಕೆ ಹಿಂಜರಿಯಲಿಲ್ಲ. 1841ರ ಮಾರ್ಚಿಯಲ್ಲಿ ಗೆಳೆಯ ಡೆಸೋರರೊಡನೆ ಮತ್ತೆ ಹೊರಟರು. ಗ್ರಿಮ್ಸೆಲ್ ಕಣಿವೆಯ ದಾರಿಕರ ಛತ್ರ ಹಿಮದಲ್ಲಿ ಹೂತುಹೋಗಿತ್ತು. ಆರ್ ನದಿಯ ಅಬ್ಬರ ಅಡಗಿತ್ತು. ಬೇಸಗೆಯಲ್ಲಿ ಹರಟೆ ಹೊಡೆದ ‘ಹೋಟೆಲಿ’ನ ಜಾಗದಲ್ಲಿ ಬಿಳಿಯ ಬಯಲು, ಅದರಿಂದ ತಲೆಯೆತ್ತಿದ್ದ ಬಂಡೆಯ ನೆತ್ತಿಯೊಂದೇ ಗುರುತು. ಇಂಥ ಮೌನವನ್ನು ಕಂಡವರಿಗೆ ಹಿಮನದಿ ನಿದ್ರಿಸುತ್ತಿದೆಯೆಂದು ತೋರಿದರೆ ಆಶ್ಚರ್ಯವೇನು? ಮೌನ ಬೇರೆ, ನಿಶ್ಚಲತೆ ಬೇರೆ. ಗೂಟ ನೆಟ್ಟು ಅಳೆಯದೆ ಇವೆರಡನ್ನು ಬಿಡಿಸಿ ಹೇಳುವುದು ಯಾರಿಗೂ ಸಾಧ್ಯವಿರಲಿಲ್ಲ.

ಆ ಬೇಸಗೆ ಎಡಿನ್‌ಬರೋದ ಪ್ರೊಫೆಸರ್ ಜೇಮ್ಸ್ ಫೋರ್ಬ್ಸ್ ಹೋಟೆಲಿಗೆ ಅತಿಥಿಯಾಗಿ ಬಂದರು. ಒಂದೇ ಬಂಡೆಯ ಕೆಳಗೆ ಮಲಗಿದವರು ಮುಂದೆ ಯಾವುದನ್ನು ಯಾರು ಮೊದಲು ಕಂಡರೆಂದು ಕಚ್ಚಾಡಿದರು. ಆ ಜಗಳ ಅನೇಕ ವರ್ಷ ಎಳೆಯಿತು, ಅದರ ವಿವರ ಇಂದು ಯಾರಿಗೂ ಬೇಡ. ಅಗಾಸಿ ಹಿಮನದಿಗೆ ಅಡ್ಡಲಾಗಿ ಗೂಟಗಳ ಸಾಲನ್ನು ನೆಟ್ಟು ಮರುವರ್ಷ ಬಂದು ನೋಡಿದರು. 1842ರಲ್ಲಿ ಫೋರ್ಬ್ಸ್ ಶಾಮೊನಿಯ ಮೆರ್ ದ ಗ್ಲಾಸ್ ಹಿಮನದಿಯಲ್ಲಿ ಥಿಯೊಡೊಲೈಟು ಹಿಡಿದು ದಿನದಿನವೂ ಅಳೆದರು. ಇಬ್ಬರಿಗೂ ಕಂಡ ಸತ್ಯ ಒಂದೇ: ನದಿಯ ನೀರಿನಂತೆಯೇ ಹಿಮವೂ ನಡುವೆ ವೇಗವಾಗಿ, ದಡದಲ್ಲಿ ನಿಧಾನವಾಗಿ ಸರಿಯುತ್ತದೆ. ಹಗಲಿನ ಹಾಗೆ ಇರುಳೂ ನಡೆಯುತ್ತದೆಯೆಂದು ಫೋರ್ಬ್ಸ್ ತೋರಿಸಿದರು. ಚಳಿಗಾಲದ ಅಳತೆಯನ್ನು ಅವರಿಗೆ ಒದಗಿಸಿದವನು ಶಾಮೊನಿಯ ದಾರಿಗಾರ ಓಗುಸ್ತ್ ಬಲ್ಮಾ. ಪಂಡಿತರು ಊರಿನಲ್ಲಿ ಬೆಂಕಿ ಕಾಯಿಸುತ್ತಿದ್ದಾಗ ಹಿಮದಲ್ಲಿ ಗೂಟ ಎಣಿಸಿದವನು ಅವನು. ಹಿಮನದಿ ನಿದ್ರಿಸುತ್ತಿರಲಿಲ್ಲ.

ತಾನೇ ಹೋಗಿ ನೋಡುವೆನೆಂದು ಹೊರಟವರು ಟಿಂಡಾಲ್. ಬೆಳಕಿನ ಚದುರುವಿಕೆಯ ಪ್ರಸಂಗದಲ್ಲಿ ನಮ್ಮ ವಿದ್ಯಾರ್ಥಿಗಳು ಕೇಳಿರುವ ಟಿಂಡಾಲರೇ ಇವರು. 1857ರ ಬೇಸಗೆಯಲ್ಲಿ ಮೆರ್ ದ ಗ್ಲಾಸಿನ ದಡದ ಮಾಂಟನ್ವೆರ್ ಎಂಬಲ್ಲಿ ತಂಗಿ ಅಳೆದಿದ್ದರು. 1859ರ ಡಿಸೆಂಬರಿನ ಕೊನೆಯಲ್ಲಿ, ಎದೆಮಟ್ಟದ ಹಿಮವನ್ನು ತುಳಿದು, ಮುಚ್ಚಿದ್ದ ಅದೇ ಮನೆಗೆ ದಾರಿಗಾರರೊಡನೆ ಹತ್ತಿದರು. ಹೊರಗೆ ಹಿಮಗಾಳಿ. ಅದರ ನಡುವೆಯೇ ಗೂಟಗಳನ್ನು ನೆಟ್ಟು ಅಳೆದರೆ, ಚಳಿಗಾಲದ ನಡಿಗೆ ಬೇಸಗೆಯ ಸುಮಾರು ಅರ್ಧದಷ್ಟು. ಹಿಮ ತನ್ನ ಭಾರಕ್ಕೆ ತಾನೇ ಮಣಿದು ಸದಾ ಹರಿಯುತ್ತದೆ. ಬೇಸಗೆಯಲ್ಲಿ ಕರಗಿದ ನೀರು ತಳಕ್ಕೆ ಇಳಿದು ಜಾರನ್ನು ಹೆಚ್ಚಿಸುತ್ತದೆ ಎಂಬುದು ಇಂದಿನ ವಿವರಣೆ. ಅಗಾಸಿಯವರ ಸಿದ್ಧಾಂತ ಬಿದ್ದಿತು. ಆದರೆ ಅವರ ಹಿಮಯುಗ ನಿಂತಿತು.

ಇನ್ನು ಗುಡಿಸಲುಗಳ ಗತಿ. ಹೂಗಿಯವರದು 1841ರ ಹೊತ್ತಿಗೆ ಹುಟ್ಟಿದೆಡೆಯಿಂದ ಸುಮಾರು 1,430 ಮೀಟರ್ ಕೆಳಗಿತ್ತು. ಅಗಾಸಿಯವರ ಬಂಡೆ ಕೆಲವೇ ವರ್ಷಗಳಲ್ಲಿ ಸೀಳಿ ಒಡೆಯಿತು. ಅದರ ಚೂರುಗಳು 1884ರಲ್ಲಿ ಸುಮಾರು 2,400 ಮೀಟರ್ ಕೆಳಗೆ ಸಿಕ್ಕಿದವು. ಗ್ರಿಮ್ಸೆಲಿನ ಹಳೆಯ ಛತ್ರ 1932ರಲ್ಲಿ ಪೂರ್ತಿಯಾದ ಅಣೆಕಟ್ಟಿನ ನೀರಿನಲ್ಲಿ ಮುಳುಗಿದೆ. ಸ್ಟೀರೆಗ್‌ನಲ್ಲಿ ಮುಂದೆ ಒಂದು ಉಪಾಹಾರದ ಮನೆ ಬಂದಿತ್ತು. ಹಿಮ ಕರಗಿ ತಗ್ಗಿದಂತೆ ಆಸರೆ ತಪ್ಪಿದ ದಡ ಕುಸಿದು, 2005ರಲ್ಲಿ ಅದೂ ಇಲ್ಲವಾಯಿತು. ಆರ್ ಹಿಮನದಿಯ ದಡದಲ್ಲಿ ಈಗಿರುವುದು ಸ್ವಿಸ್ ಆಲ್ಪೈನ್ ಕ್ಲಬ್ಬಿನ ಲೌಟೆರಾರ್ ಗುಡಿಸಲು. ಅದನ್ನು ಬುದ್ಧಿವಂತಿಕೆಯಿಂದ ಗಟ್ಟಿ ಬಂಡೆಯ ಮೇಲೆ ಕಟ್ಟಿದ್ದಾರೆ. ಅಲ್ಲಿಂದ ಹಿಮವನ್ನು ಕಾಣಬೇಕಾದರೆ ಈಗ ಬಹಳ ಕೆಳಕ್ಕೆ ಬಗ್ಗಿ ನೋಡಬೇಕು.

ಅಗಾಸಿ 1846ರಲ್ಲಿ ಅಮೆರಿಕಕ್ಕೆ ಹೋಗಿ ಹಾರ್ವರ್ಡಿನಲ್ಲಿ ನೆಲೆಸಿದರು. ಮನುಷ್ಯರ ಜನಾಂಗಗಳಲ್ಲಿ ಮೇಲು ಕೀಳುಗಳುಂಟೆಂದು ಅಲ್ಲಿ ಅವರು ಬರೆದುದು ಅವರ ಕೀರ್ತಿಗೆ ಅಂಟಿದ ಕಳಂಕವಾಗಿಯೇ ಉಳಿದಿದೆ. 1873ರಲ್ಲಿ ಅವರು ತೀರಿಕೊಂಡಾಗ ಬಂಧುಗಳು ಗೋರಿಗೆ ಅಮೃತಶಿಲೆಯನ್ನು ಹುಡುಕಲಿಲ್ಲ. ಆರ್ ಹಿಮನದಿಯ ಕಲ್ಲುರಾಶಿಯಿಂದ, ಹಳೆಯ ಹೋಟೆಲಿದ್ದ ಕಡೆಯಿಂದ, ಒಂದು ಒರಟು ಬಂಡೆಯನ್ನು ಆರಿಸಿ ಅಟ್ಲಾಂಟಿಕ್ ದಾಟಿಸಿ ತರಿಸಿದರು. ಅದು ಈಗ ಮ್ಯಾಸಚೂಸೆಟ್ಸಿನ ಕೇಂಬ್ರಿಜ್ಜಿನಲ್ಲಿದೆ.