ಪಾರಂಪರಿಕವೂ ಹೌದು, ಶಿಥಿಲವೂ ಹೌದು

ದಸರೆ ಹತ್ತಿರವಾದಂತೆ ಮೈಸೂರಿನ ಸಯ್ಯಾಜಿರಾವ್ ರಸ್ತೆಯಲ್ಲಿ ಎರಡು ಕೆಲಸ ಒಟ್ಟಿಗೆ ಶುರುವಾಗುತ್ತವೆ. ಒಂದು ಕಡೆ ದೀಪದ ಸರ ಕಟ್ಟುವವರು ಏಣಿ ಹಾಕಿಕೊಂಡು ಓಡಾಡುತ್ತಾರೆ. ಇನ್ನೊಂದು ಕಡೆ, ಜಂಬೂಸವಾರಿಯ ದಿನ ಯಾವ್ಯಾವ ಕಟ್ಟಡದ ಮೇಲೆ ಜನ ಹತ್ತಬಾರದು ಎಂದು ಪೊಲೀಸರು, ಪಾಲಿಕೆಯವರು ಲೆಕ್ಕ ಹಾಕುತ್ತಾರೆ. ಅರಮನೆಯಿಂದ ಬನ್ನಿಮಂಟಪದವರೆಗೆ ಸುಮಾರು 5 ಕಿಲೋಮೀಟರ್ ದಾರಿ. ಅಂಬಾರಿ ಹೊತ್ತ ಆನೆ ಕೆ.ಆರ್. ಸರ್ಕಲ್ ದಾಟುವ ಹೊತ್ತಿಗೆ ತಾರಸಿ, ಸಜ್ಜ, ಮರದ ಕೊಂಬೆ ಎಲ್ಲೆಲ್ಲಿ ಕಾಲಿಡಲು ಜಾಗವಿದೆಯೋ ಅಲ್ಲೆಲ್ಲ ಜನ. ಹತ್ತಬೇಡಿ ಎಂದರೆ ಕೇಳುವ ಊರಲ್ಲ ಇದು. ಆದರೂ ಹೇಳಲೇಬೇಕು, ಯಾಕೆಂದರೆ ಆ ಗೋಡೆಗಳು ಅಷ್ಟು ಭಾರ ಹೊರಲಾರವು.

ಹತ್ತಬಾರದ ಆ ಕಟ್ಟಡಗಳ ಹೆಸರು ಹೇಳುತ್ತ ಹೋದರೆ ಪಾರಂಪರಿಕ ಕಟ್ಟಡಗಳ ಸರ್ಕಾರಿ ಪಟ್ಟಿಯ ಒಂದು ಪುಟವನ್ನೇ ಓದಿದಂತಾಗುತ್ತದೆ. ಆ ಪಟ್ಟಿಯಲ್ಲಿ ಮೈಸೂರಿನ 131 ಕಟ್ಟಡಗಳಿವೆ. ಅರಮನೆ, ಜಗನ್ಮೋಹನ, ಲಲಿತಮಹಲು ಇರುವುದು ಸರಿಯೇ. ಅವುಗಳ ಜೊತೆಗೆ ಆಸ್ಪತ್ರೆ, ಕಾಲೇಜು, ಕಚೇರಿ, ಮಾರುಕಟ್ಟೆಗಳೂ ಇವೆ. ಬೇರೆ ಕಡೆ ರಕ್ಷಿತ ಸ್ಮಾರಕವೆಂದರೆ ಬೇಲಿ, ಟಿಕೆಟ್ಟು, ಹುಲ್ಲುಹಾಸು. ನಮ್ಮದೇ ಜಿಲ್ಲೆಯ ಸೋಮನಾಥಪುರದ ಕೇಶವ ದೇವಾಲಯವನ್ನು ನೋಡಿ. ಕೇಂದ್ರದ 1958ರ ಕಾಯ್ದೆಯ ಆಸರೆ ಅದಕ್ಕಿದೆ. 2010ರ ತಿದ್ದುಪಡಿಯ ಪ್ರಕಾರ ಇಂಥ ಸ್ಮಾರಕದ ಸುತ್ತ 100 ಮೀಟರ್ ಒಳಗೆ ಹೊಸ ಕಟ್ಟಡ ಏಳುವಂತಿಲ್ಲ, ಅದರಾಚೆಯ 200 ಮೀಟರಿಗೆ ಅಪ್ಪಣೆ ಬೇಕು. 2023ರಲ್ಲಿ ಬೇಲೂರು, ಹಳೇಬೀಡುಗಳ ಜೊತೆ ಅದು ವಿಶ್ವ ಪರಂಪರೆಯ ಪಟ್ಟಿಗೂ ಸೇರಿತು. ಮೈಸೂರು ಪೇಟೆಯ ಕಟ್ಟಡಗಳಿಗೆ ಅಂಥ ಭಾಗ್ಯವಿಲ್ಲ. ಅವಕ್ಕೆ ಸಿಕ್ಕಿರುವುದು ‘ಪಾರಂಪರಿಕ’ ಎಂಬ ಗೌರವ. ರಿಪೇರಿಯ ದುಡ್ಡು ಅದರ ಜೊತೆಗೇ ಬರುವುದಿಲ್ಲ.

ದೇವರಾಜ ಮಾರುಕಟ್ಟೆಯ ಕಥೆ ಹೇಳಿದರೆ ಇದು ಅರ್ಥವಾಗುತ್ತದೆ. 19ನೇ ಶತಮಾನದ ಕೊನೆಯಲ್ಲಿ, ಚಾಮರಾಜೇಂದ್ರ ಒಡೆಯರ ಕಾಲದಲ್ಲಿ ಇದು ಈಗಿನ ರೂಪಕ್ಕೆ ಬಂತು. ದಕ್ಷಿಣದ ತುದಿಯಲ್ಲಿ ಚಿಕ್ಕ ಗಡಿಯಾರ, ವೈಸ್‌ರಾಯ್ ಡಫರಿನ್ ಹೆಸರಿನದು. ಉತ್ತರಕ್ಕೆ ಧನ್ವಂತರಿ ರಸ್ತೆ. ನಡುವೆ 800ಕ್ಕೂ ಹೆಚ್ಚು ಮಳಿಗೆಗಳು. ಹೂವಿನ ಸಾಲಿನಲ್ಲಿ ಬೆಳಗ್ಗೆ ಮೊಳದ ಲೆಕ್ಕಕ್ಕೂ ಕುಕ್ಕೆಯ ಲೆಕ್ಕಕ್ಕೂ ಒಂದೇ ಗಂಟಲಿನಲ್ಲಿ ಕೂಗು. ಬಾಳೆಹಣ್ಣಿನ ಸಾಲಿನಲ್ಲಿ ನಂಜನಗೂಡು ರಸಬಾಳೆ ಕೇಳಿದರೆ ವ್ಯಾಪಾರಿ ಮೊದಲು ನಿಮ್ಮ ಮುಖ ನೋಡುತ್ತಾನೆ, ಆಮೇಲೆ ಬೆಲೆ ಹೇಳುತ್ತಾನೆ. ಅರಿಶಿನ ಕುಂಕುಮದ ಗೋಪುರಗಳ ಫೋಟೋ ತೆಗೆಯುವ ಪ್ರವಾಸಿಗಳು ಕೆಳಗೇ ನೋಡುತ್ತಾರೆ. ಕತ್ತೆತ್ತಿ ಮಾಡು ನೋಡುವವರು ಕಡಿಮೆ.

2016ರ ಆಗಸ್ಟ್ 28ರ ಸಂಜೆ ಧನ್ವಂತರಿ ರಸ್ತೆ ಕಡೆಯ ಒಂದು ಭಾಗ ಕುಸಿಯಿತು. ದುರಸ್ತಿ ಕೆಲಸ ನಡೆಯುತ್ತಿದ್ದಾಗಲೇ ಹೀಗಾದದ್ದು ವಿಪರ್ಯಾಸ. ಪುಣ್ಯಕ್ಕೆ ಜೀವಹಾನಿ ಆಗಲಿಲ್ಲ. ಅಂದಿನಿಂದ ಊರು ಎರಡು ಪಾಲಾಯಿತು. ಕೆಡವಿ ಅದೇ ಮಾದರಿಯಲ್ಲಿ ಹೊಸದಾಗಿ ಕಟ್ಟಬೇಕು ಎನ್ನುವವರು ಒಂದು ಕಡೆ, ಬಿದ್ದಷ್ಟನ್ನು ಕಟ್ಟಿ ಉಳಿದದ್ದನ್ನು ಗಟ್ಟಿ ಮಾಡಿ ಎನ್ನುವವರು ಇನ್ನೊಂದು ಕಡೆ. ಒಂದು ತಜ್ಞರ ತಂಡ ಹೇಳಿದ್ದನ್ನು ಇನ್ನೊಂದು ಒಪ್ಪಲಿಲ್ಲ. ಪ್ರಕರಣ ಹೈಕೋರ್ಟಿಗೆ ಹೋಯಿತು. 2023ರಲ್ಲಿ ಕೆಡವುವುದರ ವಿರುದ್ಧದ ಅರ್ಜಿಗಳು ವಜಾ ಆದವು. ವ್ಯಾಪಾರಿಗಳಿಗೆ ಇರುವ ಭಯವೇ ಬೇರೆ. ಒಮ್ಮೆ ಎದ್ದು ಹೋದರೆ ಮತ್ತೆ ಕೂರುವುದು ಯಾವಾಗ? ಅಜ್ಜನ ಕಾಲದಿಂದ ಕೂತ ಜಾಗ, ಅಜ್ಜನ ಕಾಲದ ಬಾಡಿಗೆ. ಹೊಸ ಕಟ್ಟಡದಲ್ಲಿ ಎರಡೂ ಉಳಿಯುತ್ತವೆಂಬ ಭರವಸೆ ಯಾರಿಗೂ ಇಲ್ಲ. ‘ಅದೇ ಮಾದರಿಯಲ್ಲಿ’ ಎಂಬ ಮಾತನ್ನು ನಾನೂ ಅನುಮಾನದಿಂದಲೇ ನೋಡುತ್ತೇನೆ. ಕಾಂಕ್ರೀಟಿಗೆ ಕಮಾನಿನ ಮುಖವಾಡ ಹಾಕಿದರೆ ಆಗುವುದು ಹಳೆ ಮಾರುಕಟ್ಟೆಯ ಪ್ರತಿಮೆ ಅಷ್ಟೆ.

ಚಿಕ್ಕ ಗಡಿಯಾರದಿಂದ ಕೂಗಳತೆಯಲ್ಲಿರುವ ಲ್ಯಾನ್ಸ್‌ಡೌನ್ ಕಟ್ಟಡಕ್ಕೆ ಇದಕ್ಕಿಂತ ಕೆಟ್ಟ ಗತಿ ಬಂತು. 1892ರಲ್ಲಿ ವೈಸ್‌ರಾಯ್ ಲ್ಯಾನ್ಸ್‌ಡೌನ್ ಭೇಟಿಯ ನೆನಪಿಗೆ ಎದ್ದ ಅಂಗಡಿ ಸಾಲು ಅದು. ಕಾಲೇಜು ಹುಡುಗರಿಗೆ ಅದು ಹಳೆ ಪುಸ್ತಕದ ಬೀದಿ: ವರ್ಷದ ಕೊನೆಗೆ ಪಠ್ಯ ಮಾರಿ, ಆ ದುಡ್ಡಿನಲ್ಲಿ ಕಾದಂಬರಿ ಕೊಂಡು, ಉಳಿದದ್ದಕ್ಕೆ ಕಾಫಿ ಕುಡಿಯುವ ಜಾಗ. 2012ರ ಆಗಸ್ಟ್ 25ರಂದು ಅದರ ಒಂದು ಭಾಗ ಕುಸಿದು ನಾಲ್ವರು ಸತ್ತರು. ಮಳಿಗೆಗಳು ಖಾಲಿಯಾದವು, ಬಾಗಿಲುಗಳಿಗೆ ಬೀಗ ಬಿತ್ತು. ವರ್ಷಗಳೇ ಕಳೆದರೂ ಕೆಡವುವುದೋ ಉಳಿಸುವುದೋ ಎಂಬ ಮಾತು ಮುಗಿಯಲಿಲ್ಲ. ಮಹಾರಾಣಿ ವಿಜ್ಞಾನ ಕಾಲೇಜಿನ ಹಳೆ ಕಟ್ಟಡದ ಒಂದು ಪಾರ್ಶ್ವ 2022ರ ಅಕ್ಟೋಬರಿನಲ್ಲಿ, ರಸಾಯನಶಾಸ್ತ್ರದ ಪ್ರಯೋಗಾಲಯದ ಕಡೆಯಿಂದ, ಬಿತ್ತು.

ಆಗಸ್ಟ್, ಆಗಸ್ಟ್, ಅಕ್ಟೋಬರ್. ಮೂರೂ ಮಳೆಗಾಲದ ತಿಂಗಳುಗಳೇ. ಮೈಸೂರಿನ ಹಳೆ ಕಟ್ಟಡಗಳ ಶತ್ರು ಯಾರೆಂದು ಕೇಳಿದರೆ ಬಿಲ್ಡರು ಎನ್ನುವವರಿದ್ದಾರೆ, ರಾಜಕಾರಣಿ ಎನ್ನುವವರಿದ್ದಾರೆ. ನನ್ನ ಲೆಕ್ಕದಲ್ಲಿ ಅವರಿಬ್ಬರೂ ಬರುವುದು ಕೊನೆಗೆ. ಮೊದಲು ಬರುವುದು ನೀರು.

ಈ ಕಟ್ಟಡಗಳಲ್ಲಿ ಹಲವಕ್ಕೆ ಇರುವುದು ಮದರಾಸು ತಾರಸಿ. ಮರದ ತೊಲೆಗಳ ಮೇಲೆ ಚಿಕ್ಕ ಚಪ್ಪಟೆ ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ, ಓರೆಯಾಗಿ ಸಾಲು ಹಿಡಿದು, ಗಾರೆಯಲ್ಲಿ ಕೂರಿಸುತ್ತಾರೆ. ಅದರ ಮೇಲೆ ಇಟ್ಟಿಗೆ ಚೂರು, ಸುಣ್ಣ ಹಾಕಿ ದಿನಗಟ್ಟಲೆ ಕೋಲಿನಿಂದ ಬಡಿದು ಗಟ್ಟಿ ಮಾಡುತ್ತಾರೆ. ಗಾರೆಯೆಂದರೆ ಸುಣ್ಣ, ಮರಳು, ಇಟ್ಟಿಗೆ ಪುಡಿ. ಅದನ್ನು ಕಲಸುವ ನೀರಿಗೆ ಬೆಲ್ಲ, ಅಳಲೆಕಾಯಿ ನೆನೆಸುತ್ತಾರೆ. ಎತ್ತು ಕಟ್ಟಿದ ಗಾಣದಲ್ಲಿ ಅರೆದು ಕೊಳೆ ಹಾಕಿದ ಮೇಲೆ ಬಳಸುತ್ತಾರೆ. ಇಂಥ ತಾರಸಿ ನೂರು ವರ್ಷ ಬಾಳುತ್ತದೆ, ಒಂದು ಷರತ್ತಿನ ಮೇಲೆ: ಮಳೆನೀರು ನಿಲ್ಲಬಾರದು. ನೀರು ಹೋಗುವ ತೂಬಿಗೆ ಒಂದು ಹಿಡಿ ಒಣಗಿದೆಲೆ ಸಿಕ್ಕಿಕೊಂಡರೆ ಸಾಕು. ನೀರು ನಿಲ್ಲುತ್ತದೆ, ಗೋಡೆಗೆ ಇಳಿಯುತ್ತದೆ, ಗೋಡೆಯೊಳಗೆ ಹುದುಗಿರುವ ತೊಲೆಯ ತುದಿಯನ್ನು ಮೆತ್ತಗೆ ಮಾಡುತ್ತದೆ. ತೊಲೆ ಹೊರಗಿನಿಂದ ಗಟ್ಟಿಯಾಗಿಯೇ ಕಾಣುತ್ತದೆ. ಕೊಳೆತಿರುವುದು ಕಣ್ಣಿಗೆ ಬೀಳದ ಒಂದು ಗೇಣು.

ಅಷ್ಟರಲ್ಲಿ ಕಾಗೆಯ ಹಿಕ್ಕೆಯಲ್ಲಿ ಬಂದ ಅರಳಿ ಬೀಜ ಪ್ಯಾರಪೆಟ್ಟಿನ ಸಂದಿಯಲ್ಲಿ ಮೊಳೆತಿರುತ್ತದೆ. ಎರಡೆಲೆ ಇದ್ದಾಗ ಬೆರಳಿನಿಂದ ಕೀಳಬಹುದು. ಎರಡು ಮಳೆಗಾಲ ಬಿಟ್ಟರೆ ಗೋಡೆ ಬಿಚ್ಚದೆ ಅದು ಬರುವುದಿಲ್ಲ. ಇನ್ನು ರಿಪೇರಿಯೆಂದು ಬರುವವರು ತರುವುದು ಸಿಮೆಂಟು. ಸುಣ್ಣದ ಗೋಡೆ ಹೀರಿದ ತೇವವನ್ನು ಬಿಸಿಲಿಗೆ ಹೊರಗೆ ಬಿಡುತ್ತದೆ. ಮೇಲೆ ಸಿಮೆಂಟು ಮೆತ್ತಿದರೆ ಆ ತೇವ ಒಳಗೇ ಉಳಿದು ಇಟ್ಟಿಗೆಯನ್ನು ಪುಡಿ ಮಾಡುತ್ತದೆ. ಸೋರುವುದು ನಿಂತಿತೆಂದು ಬಿಲ್ಲು ಪಾಸಾಗುತ್ತದೆ, ಕಟ್ಟಡದ ಆಯಸ್ಸು ಅಲ್ಲಿಂದ ಇಳಿಯುತ್ತದೆ. ಗಾರೆ ಕೆಲಸ ಬಲ್ಲ ಮೇಸ್ತ್ರಿಗಳು ಈಗ ಬೆರಳೆಣಿಕೆ. ಅವರ ಕೂಲಿ, ಅವರ ನಿಧಾನ ಎರಡೂ ಟೆಂಡರಿನ ಲೆಕ್ಕಕ್ಕೆ ಒಗ್ಗುವುದಿಲ್ಲ.

ಕಟ್ಟಡವೊಂದು ಹೋದರೆ ಹೋಗುವುದು ಗೋಡೆ ಮಾತ್ರವಲ್ಲ ಎನ್ನುವುದಕ್ಕೆ ಪ್ರಾಚ್ಯವಿದ್ಯಾ ಸಂಶೋಧನಾಲಯವನ್ನು ನೆನೆದರೆ ಸಾಕು. ವಿಕ್ಟೋರಿಯಾ ರಾಣಿಯ ಆಳ್ವಿಕೆಯ ಸುವರ್ಣ ಮಹೋತ್ಸವಕ್ಕೆಂದು 1887ರಲ್ಲಿ ಇದಕ್ಕೆ ಬುನಾದಿ ಬಿತ್ತು. 1891ರಲ್ಲಿ ಓರಿಯಂಟಲ್ ಲೈಬ್ರರಿ ಎಂಬ ಹೆಸರಿನಲ್ಲಿ ಸಂಸ್ಥೆ ಶುರುವಾಯಿತು. ತಂಜಾವೂರು ಸೀಮೆಯ ಪಂಡಿತರೊಬ್ಬರು ತಂದುಕೊಟ್ಟ ತಾಳೆಗರಿ ಕಟ್ಟೊಂದನ್ನು 1905ರಲ್ಲಿ ಗ್ರಂಥಪಾಲಕ ಆರ್. ಶಾಮಶಾಸ್ತ್ರಿ ಬಿಚ್ಚಿ ಓದಿದರು. ಅದು ಕೌಟಿಲ್ಯನ ಅರ್ಥಶಾಸ್ತ್ರ. 1909ರಲ್ಲಿ ಅವರು ಅಚ್ಚು ಹಾಕಿಸುವವರೆಗೆ ಆ ಗ್ರಂಥ ಬರೀ ಹೆಸರಾಗಿ ಬೇರೆ ಪುಸ್ತಕಗಳಲ್ಲಿ ಉಳಿದಿತ್ತು. ತಾಳೆಗರಿಗೂ ಮದರಾಸು ತಾರಸಿಗೂ ಶತ್ರು ಒಂದೇ, ತೇವ.

ಖಾಸಗಿ ಮನೆಗಳ ಮಾತು ಬೇರೆ. 1903ರಲ್ಲಿ ನಗರಾಭಿವೃದ್ಧಿ ವಿಶ್ವಸ್ತ ಮಂಡಳಿ ಹುಟ್ಟಿದ ಮೇಲೆ ಬೆಳೆದ ಬಡಾವಣೆಗಳಲ್ಲಿ, ಚಾಮರಾಜಪುರ, ಲಕ್ಷ್ಮೀಪುರ, ಅಗ್ರಹಾರದ ಸುತ್ತಮುತ್ತ, ಜಗುಲಿ, ಕಂಬ, ತೊಟ್ಟಿಯ ಮನೆಗಳು ಇನ್ನೂ ಅಲ್ಲಲ್ಲಿ ಇವೆ. ಅಣ್ಣತಮ್ಮಂದಿರ ಭಾಗವಾದೊಡನೆ ತೊಟ್ಟಿಯ ನಡುವೆ ಗೋಡೆ ಏಳುತ್ತದೆ. ಒಬ್ಬ ಮಗ ಅಮೆರಿಕದಲ್ಲಿ, ಒಬ್ಬಳು ಮಗಳು ಬೆಂಗಳೂರಿನಲ್ಲಿ. ಚಂದದ ಮನೆ, ಉಳಿಸಿಕೊಳ್ಳಿ ಎಂದು ಹೇಳಿ ಹೋಗುವ ನಮ್ಮಂಥವರು ತಾರಸಿಯ ಖರ್ಚಿಗೆ ಕೈ ಸೇರಿಸುವುದಿಲ್ಲ. ಯಾದವಗಿರಿಯಲ್ಲಿ ಆರ್.ಕೆ. ನಾರಾಯಣ್ ಕಟ್ಟಿಸಿದ ಮನೆಯನ್ನು 2011ರಲ್ಲಿ ಒಡೆಯಲು ಶುರು ಮಾಡಿದ್ದರು. ಸುದ್ದಿ ಪತ್ರಿಕೆಗಳಲ್ಲಿ ಬಂದ ಮೇಲೆ ಕೆಲಸ ನಿಂತಿತು. ಪಾಲಿಕೆ ಅದನ್ನು ಕೊಂಡು, ದುರಸ್ತಿ ಮಾಡಿ, 2016ರಲ್ಲಿ ವಸ್ತುಸಂಗ್ರಹಾಲಯವಾಗಿ ತೆರೆಯಿತು. ಇಂಗ್ಲಿಷಿನಲ್ಲಿ ಬರೆದವರ ಮನೆಗೆ ಕನ್ನಡಿಗರ ದುಡ್ಡು ಯಾಕೆ ಎಂದು ಕೆಲವು ಕನ್ನಡ ಲೇಖಕರು ಆಕ್ಷೇಪಿಸಿದ್ದರು. ವಾದ ನನಗೆ ಹಿಡಿಸಲಿಲ್ಲ. ಆದರೆ ಅದೇ ಆಸ್ಥೆಯಿಂದ ಕೊಂಡು ಉಳಿಸಬಹುದಾಗಿದ್ದ ಕನ್ನಡದವರ ಮನೆಗಳು ಎಷ್ಟು ಹೋದವು ಎಂಬ ಅವರ ಸಂಕಟ ಸುಳ್ಳಲ್ಲ.

ಕೊನೆಯದಾಗಿ, ಮೈಸೂರು ವಿಶ್ವವಿದ್ಯಾನಿಲಯದ ಆವರಣ ಮಾನಸಗಂಗೋತ್ರಿಯಲ್ಲಿರುವ ಜಯಲಕ್ಷ್ಮೀವಿಲಾಸ ಬಂಗಲೆ. 1897ರಲ್ಲಿ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ಮದುವೆಯ ಗಡಿಬಿಡಿಯಲ್ಲೇ ಹಳೆಯ ಮರದ ಅರಮನೆಗೆ ಬೆಂಕಿ ಬಿತ್ತು. ಅದರ ಜಾಗದಲ್ಲಿ ಹೆನ್ರಿ ಇರ್ವಿನ್ ನಕ್ಷೆಯ ಈಗಿನ ಅರಮನೆ 1912ರಲ್ಲಿ ಪೂರ್ತಿಯಾಯಿತು. ಬೆಂಕಿಗೆ ಹೆದರಿ ಕಲ್ಲು, ಕಬ್ಬಿಣ ಹೆಚ್ಚು ಬಳಸಿದರು, ಎರಕದ ಕಂಬಗಳು ಗ್ಲಾಸ್ಗೋದಿಂದ ಬಂದವು. ಆ ಮದುಮಗಳಿಗಾಗಿ 1905ರ ಸುಮಾರಿಗೆ ಎದ್ದದ್ದು ಈ ಬಂಗಲೆ. 1959ರಲ್ಲಿ, ಕುವೆಂಪು ಕುಲಪತಿಗಳಾಗಿದ್ದಾಗ, ವಿಶ್ವವಿದ್ಯಾನಿಲಯ ಇದನ್ನು ಕೊಂಡಿತು. ಜಾನಪದ ವಸ್ತುಸಂಗ್ರಹಾಲಯ ಇದರಲ್ಲಿ ನೆಲೆ ಕಂಡಿತು. ಸೋಮನ ಮುಖ, ತೊಗಲುಗೊಂಬೆ, ಯಕ್ಷಗಾನದ ಕಿರೀಟ, ರಾಗಿಕಲ್ಲು, ಬಲೆ, ಸೇರು ಬಳ್ಳಗಳು ರಾಜಕುಮಾರಿಯ ದಿವಾನಖಾನೆಯಲ್ಲಿ ಬಂದು ಕೂತವು. ಕಟ್ಟಡ ಸೋರಿ, ಬಾಗಿ, ಮುಚ್ಚುವ ಸ್ಥಿತಿಗೆ ಬಂದಾಗ ಇನ್ಫೋಸಿಸ್ ಪ್ರತಿಷ್ಠಾನ ಕೋಟಿ ರೂಪಾಯಿಗೂ ಮಿಕ್ಕಿ ಕೊಟ್ಟಿತು. 2006ರಲ್ಲಿ ಮತ್ತೆ ಬಾಗಿಲು ತೆರೆಯಿತು. ಅದಾಗಿ ಹತ್ತಿಪ್ಪತ್ತು ವರ್ಷದೊಳಗೆ ಮಾಡು ಮತ್ತೆ ಸೋರಿತು, ಮತ್ತೆ ದುರಸ್ತಿಯ ಮಾತು ಶುರುವಾಯಿತು. ಕೋಟಿ ಕೊಡುವ ದಾನಿ ಒಮ್ಮೆ ಸಿಗಬಹುದು. ಪ್ರತಿ ಮೇ ತಿಂಗಳಲ್ಲಿ ಏಣಿ ಹಾಕಿ ತೂಬು ಬಿಡಿಸಿ, ಅರಳಿ ಸಸಿ ಕಿತ್ತು ಬರುವ ಒಬ್ಬ ಆಳಿನ ಸಂಬಳಕ್ಕೆ ದಾನಿಗಳು ಸಿಗುವುದಿಲ್ಲ. ಅದನ್ನು ಕಟ್ಟಡದ ಒಡೆಯರೇ ಕೊಡಬೇಕು.